ಎಡಗಾಲು ಸೋತಿತು, ಬಲಗಾಲಿಗೆ ಬಿಸಿ ತಿಳಿಯಲಿಲ್ಲ

ಮಕ್ಕಳೇ, ಅಜ್ಜಿ ಯಾಕೆ ಎಡಗಾಲು ಎಳೆದು ನಡೆಯುವುದು ಎಂದು ಕೇಳಿದ್ದಿರಿ. ಬಾಯಲ್ಲಿ ಹೇಳಲು ನಾಚಿಕೆಯಾಯಿತು, ಬರೆಯುತ್ತೇನೆ.

ಎಂಬತ್ತನೇ ಇಸವಿಯ ಸುಮಾರಿಗೆ, ಐವರ್ನಾಡಿನಲ್ಲಿದ್ದಾಗ, ನನ್ನ ಬೆನ್ನಿನ ನಡುವೆ ನೋವು ಶುರುವಾಯಿತು. ಮಲಗಿದರೆ ಹೆಚ್ಚು, ಎದ್ದು ಕುಳಿತರೆ ಕಡಿಮೆ. ಸುಳ್ಯದಲ್ಲಿ ಒಬ್ಬ ಡಾಕ್ಟರು ಬೆನ್ನು ಮುಟ್ಟಿಯೂ ನೋಡದೆ ವಾಯು ಎಂದರು. ಆಮೇಲೆ ಎಡಗಾಲು ಸೋಲತೊಡಗಿತು. ಒಂದು ದಿನ ಬಚ್ಚಲಿನಲ್ಲಿ ಹಂಡೆಯ ಕುದಿನೀರು ಬಲಗಾಲಿಗೆ ಬಿದ್ದು ಗುಳ್ಳೆ ಎದ್ದಿತು. ನನಗೆ ಬಿಸಿಯೇ ಗೊತ್ತಾಗಿರಲಿಲ್ಲ.

"ಸೋತದ್ದು ಎಡಗಾಲು, ಬಿಸಿ ಗೊತ್ತಾಗದ್ದು ಬಲಗಾಲಿಗೆ! ಎಂತ ಕಥೆ ಮಾರಾಯ್ತಿ ಇದು?" ಎಂದರು ಅತ್ತೆ. "ಕೆಲಸ ತಪ್ಪಿಸುದಾದ್ರೆ ಒಂದೇ ಕಾಲು ಹಿಡ್ಕೊ."

ನಿಮ್ಮ ಅಜ್ಜ ನಕ್ಕರು. ಮತ್ತೆ ಸುಳ್ಯಕ್ಕೆ ಹೋದಾಗ ಆ ಡಾಕ್ಟರೂ ನಕ್ಕರು: "ಯಾವ ಕಾಲು ಅಂತ ಮನೆಯಲ್ಲೇ ತೀರ್ಮಾನ ಮಾಡಿ ಬನ್ನಿ."

ಆ ನಗೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೆ ಹೆದರಿ ನಾನು ನಿಜವನ್ನೇ ತಿದ್ದಿದೆ. ಪುತ್ತೂರಿನ ಡಾಕ್ಟರಿಗೆ ಎರಡೂ ತೊಂದರೆ ಎಡಗಾಲಿಗೇ ಎಂದೆ. ಅವರು ಸೊಂಟದ ನರ ಎಂದು ಮಾತ್ರೆ ಕೊಟ್ಟು, ಹಲಗೆಯ ಮೇಲೆ ಮಲಗಿಕೊಂಡೇ ಇರಲು ಹೇಳಿದರು. ಮಲಗಿದರೇ ನೋವು ಹೆಚ್ಚುತ್ತಿದ್ದದ್ದು! ತಿಂಗಳುಗಟ್ಟಲೆ ಹಾಗೇ ಹೋಯಿತು. ಕೊನೆಗೆ ಮೂತ್ರವೂ ಕಟ್ಟಿದಾಗ ಜೀಪು ಮಾಡಿ ಮಂಗಳೂರಿಗೆ ಕರೆದೊಯ್ದರು.

ಅಲ್ಲಿನ ಡಾಕ್ಟರಿಗೂ ಎರಡೂ ಎಡಗಾಲಿಗೇ ಎಂದೆ. ಅವರು ಕಣ್ಣು ಮುಚ್ಚಲು ಹೇಳಿ, ಪಾದದಿಂದ ಎದೆಯವರೆಗೆ ಗುಂಡುಸೂಜಿಯಿಂದ ಮೆಲ್ಲಗೆ ಚುಚ್ಚುತ್ತಾ ಬಂದರು. ಎಡಕ್ಕೆ ಚುಚ್ಚಿದ್ದು ತಿಳಿಯಿತು. ಬಲಕ್ಕೆ ಪಕ್ಕೆಲುಬಿನವರೆಗೂ ತಿಳಿಯಲಿಲ್ಲ.

"ಅಮ್ಮ, ಗೊತ್ತಾಗದ್ದು ಬಲಗಾಲಿಗೆ. ಎಡಗಾಲು ಅಂತ ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ಎಲ್ಲರೂ ನಗ್ತಾರೆ ಡಾಕ್ಟ್ರೆ."

ಅವರು ನಗಲಿಲ್ಲ. ಬೆನ್ನುಹುರಿಯನ್ನು ಒಂದು ಪಕ್ಕದಿಂದ ಏನಾದರೂ ಒತ್ತಿದರೆ ಆ ಬದಿಯ ಕಾಲು ಸೋಲುತ್ತದೆ, ಬಿಸಿಯೂ ನೋವೂ ತಿಳಿಯದಾಗುವುದು ಇನ್ನೊಂದು ಬದಿಗೆ ಎಂದರು. ಬೆನ್ನಿಗೆ ಮದ್ದು ಚುಚ್ಚಿ ತೆಗೆದ ಎಕ್ಸರೇಯಲ್ಲಿ ಗಡ್ಡೆ ಕಂಡಿತು. ಆಪರೇಷನ್ ಮಾಡಿ ತೆಗೆದರು. ಪುಣ್ಯಕ್ಕೆ ಕ್ಯಾನ್ಸರ್ ಆಗಿರಲಿಲ್ಲ. ನಿಧಾನಕ್ಕೆ ನಡೆಯುವಂತಾದೆ. ಬೇಗ ಬಂದಿದ್ದರೆ ಎಡಗಾಲೂ ಪೂರ್ತಿ ಸರಿಯಾಗುತ್ತಿತ್ತಂತೆ.

ಮನೆಗೆ ಬಂದ ದಿನ ನಿಮ್ಮ ಅಜ್ಜ, "ನೀನು ಮೊದಲೇ ಸರಿಯಾಗಿ ಹೇಳ್ಬೇಕಿತ್ತು" ಎಂದರು.

ಹೇಳಿದ್ದೆ. ಗುಳ್ಳೆ ಎದ್ದ ದಿನವೇ, ಸರಿಯಾಗಿಯೇ ಹೇಳಿದ್ದೆ. ಅವರು ಇರುವಷ್ಟು ಕಾಲ ಈ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.