ಅಪ್ಪನ ಎಡೆಗೆ ಇಟ್ಟ ಬಾಟಲಿ

ಸ್ನೇಹಿತರೇ, ಇವತ್ತು ಹಿರಿಯರ ಹಬ್ಬ. ತೀರಿಹೋದ ಅಪ್ಪನ ಎಡೆಗೆ ಚಿಕ್ಕಪ್ಪ ತಂದಿಟ್ಟಿದ್ದ ಬ್ರಾಂದಿ ಬಾಟಲಿಯನ್ನು ಎತ್ತಿಕೊಂಡು ಹೋಗಿ ಅಂಗಳಕ್ಕೆ ಸುರಿದೆ.

"ಲೇ, ನಿಮ್ಮಪ್ಪ ಕುಡಿದು ಕುಡಿದೇ ಲಿವರ್ ಹೋಗಿ ಸತ್ತಿದ್ದು. ಸತ್ತೋರಿಗೆ ಇಷ್ಟದ್ದು ಇಡಬೇಕು!" ಚಿಕ್ಕಪ್ಪ ಕೂಗಾಡಿದ.

"ನಾನು ಕುಡಿಯಲ್ಲ ಚಿಕ್ಕಪ್ಪ. ನನ್ನ ಲಿವರ್‌ನಾಗೂ ಕೊಬ್ಬು ತುಂಬೈತೆ" ಎಂದೆ. ಒಂದು ತೊಟ್ಟು ಕುಡಿಯದವರಿಗೂ ಇದು ಬರುತ್ತದೆ, ಕೆಲವರಿಗೆ ಈ ಅಪಾಯ ವಂಶವಾಹಿಯಲ್ಲೇ ಹೆಚ್ಚಿರುತ್ತದೆ, ನಿಮ್ಮ ತಂದೆಗೂ ಹಾಗೇ ಇದ್ದಿರಬಹುದು ಎಂದು ಮೊನ್ನೆ ಚಳ್ಳಕೆರೆಯ ಡಾಕ್ಟರು ನನ್ನ ಸ್ಕ್ಯಾನ್ ನೋಡಿ ಹೇಳಿದ್ದರು.

"ವಂಶದಾಗೆ ಇದ್ದಿದ್ರೆ ನನಗ್ಯಾಕೆ ಬಂದಿಲ್ಲ? ದಿನಾ ಕುಡಿದ್ರೂ ಗುಂಡುಕಲ್ಲಿನಂಗೆ ಇದೀನಿ!"

"ಒಂದೇ ಹೊಟ್ಟೆಯಾಗೆ ಹುಟ್ಟಿದೋರಿಗೆಲ್ಲ ಒಂದೇ ಥರ ಬರಲ್ಲ."

ಒಲೆ ಮುಂದಿದ್ದ ಅವ್ವ ಎದ್ದು ಬಂದಳು. "ನಿಮ್ಮಪ್ಪ ಕುಡೀತಿರಲಿಲ್ಲ ಅಂತ ಆಗಿಂದ ಹೇಳ್ತಾನೇ ಬಂದೆ. ಯಾರು ಕೇಳಿದ್ರಿ?"

ನಾನೂ ಕೇಳಿರಲಿಲ್ಲ. ನನ್ನ ಮೇಲೆ ನನಗೇ ಇರುವ ಸಿಟ್ಟು ಇನ್ನೂ ಇಳಿದಿಲ್ಲ.

ಆದರೆ ಒಂದು ಮಾತು. ಅಪ್ಪನ ಎಡೆಯ ಬಾಟಲಿ ಪ್ರತಿ ವರ್ಷವೂ ಸಂಜೆಯೊಳಗೆ ಖಾಲಿಯಾಗುತ್ತಿತ್ತು. ಖಾಲಿ ಮಾಡುತ್ತಿದ್ದವನು ಇವತ್ತು ಅಂಗಳದ ಒದ್ದೆ ಮಣ್ಣನ್ನೇ ನೋಡುತ್ತಾ ನಿಂತಿದ್ದ, ಅಣ್ಣ ಈಗ ತಾನೇ ಸತ್ತ ಹಾಗೆ.