ಮಸ್ಕಿಯ ಬಂಡೆಯ ಮೇಲಿನ ಮೂರು ಪಟ್ಟಿ

ಈ ವರ್ಷದ ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ನಾನೂ ನನ್ನ ಅಕ್ಕನೂ ಸಿಂಧನೂರಿನಲ್ಲಿ ಮಸ್ಕಿಯ ಬಸ್ ಹತ್ತಿದೆವು. ಅಕ್ಕ ಭೂವಿಜ್ಞಾನಿ. ಹಿಮಾಲಯದ ಭೂಕುಸಿತ, ಅಂಡಮಾನಿನ ಜ್ವಾಲಾಮುಖಿ ಇವುಗಳ ಅಪಾಯ ಅಳೆಯುವುದರಲ್ಲೇ ನೌಕರಿಯ ವರ್ಷಗಳನ್ನೆಲ್ಲ ಕಳೆದು ಈ ವರ್ಷ ನಿವೃತ್ತಳಾಗಿ ನಮ್ಮೂರು ಸಾಲಗುಂದಕ್ಕೆ ಬಂದಿದ್ದಾಳೆ. ಮಸ್ಕಿಯಲ್ಲಿರುವ ಅವಳ ಶಾಲಾಗೆಳತಿ ಶರಣಮ್ಮ ಫೋನ್ ಮಾಡಿದ್ದಳು: ಮಳೆ ಬಂದಾಗ ಮನೆಯ ಹಿಂದಿನ ಬಂಡೆ ಸದ್ದು ಮಾಡಿದೆ, ಬಂದು ನೋಡು.

ಅಕ್ಕನಿಗೆ ಟಿಕೆಟ್ ಉಚಿತ. ಹಣ ಕೊಟ್ಟವನು ನಾನೊಬ್ಬನೇ. ಮೂವತ್ತು ಕಿಲೋಮೀಟರಿಗೆ ತುಸು ಕಡಿಮೆ ದಾರಿ. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಗದ್ದೆಗಳು ಬರಿದಾಗಿದ್ದವು.

ಶರಣಮ್ಮನ ಮನೆ ಗುಡ್ಡದ ಬುಡದಲ್ಲಿದೆ. ಬಂಡೆ ಇರುವುದು ಅಡುಗೆಮನೆಯ ನೆತ್ತಿಯ ಮೇಲೆಯೇ. ಪ್ರತಿ ಶ್ರಾವಣದಲ್ಲಿ ಮನೆಯವರು ಅದಕ್ಕೆ ವಿಭೂತಿಯಂತೆ ಸುಣ್ಣದ ಮೂರು ಅಡ್ಡಪಟ್ಟಿ ಬಳಿಯುತ್ತಾರೆ. ಹೋದ ವರ್ಷ ನಡುವಿನ ಬಿರುಕಿಗೆ ಸಿಮೆಂಟ್ ತುಂಬಿ, ಅದರ ಮೇಲೆಯೇ ಪಟ್ಟಿ ಎಳೆದಿದ್ದರು.

“ಬಂದೇನಬೇ ಬೆಂಕಿಗುಡ್ಡದಾಕಿ? ದೇಶ ಎಲ್ಲಾ ತಿರುಗಿದ ಮ್ಯಾಲ ನಮ್ಮ ಗುಡ್ಡ ಕಂಡಿತೇನು?” ಎಂದು ಶರಣಮ್ಮ ಛೇಡಿಸಿದಳು.

ಅಕ್ಕ ನೇರ ಬಂಡೆಯ ಬಳಿಗೆ ಹೋದಳು. ಸಿಮೆಂಟ್ ಒಡೆದಿತ್ತು. ಬಿರುಕಿನ ಬಲಗಡೆ ಮೂರೂ ಪಟ್ಟಿಗಳು ಒಂದು ಬೆರಳಿನಷ್ಟು ಕೆಳಗಿಳಿದಿದ್ದವು.

“ಬಿರುಕು ಯಾಕ ಮುಚ್ಚಿದ್ರಿ?”

“ಹಾವು ಹೊಕ್ಕಾವಂತ.”

“ನೀರು ಹೊರಗ ಬರೋ ದಾರಿನೂ ಮುಚ್ಚಿದಂಗಾತು. ಒಳಗ ನಿಂತ ನೀರು ಬಂಡೆಗಲ್ಲ ದೂಡಾಕತ್ತೈತಿ. ಶರಣಿ, ಇವತ್ತೇ ಮನಿ ಬಿಡು.”

ಶರಣಮ್ಮನ ಮಗಳು ಸುವರ್ಣ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಒಳಗೆ ಮಲಗಿದ್ದಳು.

“ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು. ಬೀಗರ ಮನಿಗೆ ಹೊಳ್ಳಿ ಕಳಿಸಿದ್ರ ಮಂದಿ ಏನಂದಾರು?” ಎಂದಳು ಶರಣಮ್ಮ.

“ಲಿಂಗಸುಗೂರಾಗ ನಿಮ್ಮಣ್ಣ ಇಲ್ಲೇನು? ಸೋದರಮಾವನ ಮನಿ ತವರಲ್ಲೇನು?”

ಶರಣಮ್ಮ ಇಳಿದ ಪಟ್ಟಿಗಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಗಂಡನಿಗೆ ಹಾಸಿಗೆ ಕಟ್ಟಲು ಹೇಳಿ ಮಗಳನ್ನು ಎಬ್ಬಿಸಿದಳು.

ಪುರಸಭೆಗೆ ವಿಷಯ ತಿಳಿಸಿ, ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಐವರೂ ಲಿಂಗಸುಗೂರಿಗೆ ಹೊರಟೆವು. ರಸ್ತೆ ಬದಿಯ ಕಪ್ಪು ಕಲ್ಲು ತೋರಿಸಿ ಅಕ್ಕ, “ಇದೂ ಒಂದ ಕಾಲಕ್ಕ ಭೂಮಿ ಕಾರಿದ ಬೆಂಕಿ” ಎಂದಳು.

“ಈಗೇನು ಮತ್ತ ಏಳಂಗಿಲ್ಲಲ್ರೀ ದೊಡ್ಡವ್ವ?” ಎಂದು ಸುವರ್ಣ ಕೇಳಿದಳು.

“ಇಲ್ಲವ್ವಾ. ನೀ ನಿಶ್ಚಿಂತಿ ಹಡಿ.”

ಶರಣಮ್ಮನ ಅಣ್ಣನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಹೊರಡುವಾಗ ಶರಣಮ್ಮ ಅಕ್ಕನ ಕೈ ಹಿಡಿದಳು. “ನಿನ್ನ ಉಪಕಾರ ಹೆಂಗ ಮರೀಲಿ?”

“ಎಷ್ಟೋ ಊರಾಗ ಹಿಂಗ ಹೇಳೀನಿ, ಕೇಳಿದೋರು ಕಡಿಮಿ. ನೀ ಕೇಳಿದಿ. ಉಪಕಾರ ನಂದಲ್ಲ, ನಿಂದು.”

ಸಂಜೆಯ ಬಸ್ಸಿಗೆ ಮರಳಿದೆವು. ಮಸ್ಕಿ ದಾಟುವವರೆಗೆ ಅಕ್ಕ ಕಿಟಕಿಯಿಂದ ಗುಡ್ಡ ನೋಡುತ್ತಿದ್ದಳು.

ಸುವರ್ಣಳಿಗೆ ಲಿಂಗಸುಗೂರಿನಲ್ಲಿ ಹೆಣ್ಣು ಮಗು ಹುಟ್ಟಿದೆ. ಬಂಡೆ ಎಷ್ಟು ಇಳಿಯುತ್ತದೆಂದು ಹಳೆಯ ಪಟ್ಟಿಗಳೇ ತೋರಿಸಲಿ ಎಂದು ಅಕ್ಕ ಹೇಳಿದಂತೆ ಈ ಶ್ರಾವಣದಲ್ಲಿ ಅದಕ್ಕೆ ಹೊಸ ಸುಣ್ಣ ಬಳಿದಿಲ್ಲ. ಬಲಗಡೆಯ ಪಟ್ಟಿಗಳು ಈಗ ಎರಡು ಬೆರಳು ಕೆಳಗಿವೆ. ಮನೆಗೆ ಬೀಗ ಹಾಕಿದೆ.