ಬೀಗ ಹಾಕಿದ ರೂಮಿನ ದೀಪ

ಪೀಣ್ಯದ ನಮ್ಮ ಬೀದಿಯಲ್ಲಿ ಸಂಜೆ ಕರೆಂಟ್ ಹೋಗಿತ್ತು. ಗೇಟಿನ ಬಳಿ ನಿಂತಿದ್ದ ನಮ್ಮ ಮನೆ ಮಾಲೀಕರಾದ ಗೌರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. “ಮೇಲೆ ನೋಡಮ್ಮ, ಬಸಣ್ಣನ ರೂಮಲ್ಲಿ ದೀಪ ಉರೀತೈತೆ!”

ರಾಯಚೂರಿನಿಂದ ಬಂದು ಇಲ್ಲಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬಸಣ್ಣ ಬೇಸಿಗೆಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಅಂದಿನಿಂದ ಆ ರೂಮಿಗೆ ಬೀಗ.

ಇಬ್ಬರೂ ಮೆಟ್ಟಿಲು ಹತ್ತಿದೆವು. ಹಾಕಿದ ಬೀಗ ಹಾಗೆಯೇ ಇತ್ತು. ಗೌರಮ್ಮ ಕೀಲಿ ಹಾಕಿ ತೆರೆದರೆ ಒಳಗೆ ಯಾರೂ ಇಲ್ಲ. ಗೋಡೆಯ ಮೊಳೆಗೆ ನೇತುಹಾಕಿದ ಪುಟ್ಟ ಸೋಲಾರ್ ದೀಪವೊಂದು ಉರಿಯುತ್ತಿತ್ತು. ಅದರ ವೈರು ಕಿಟಕಿಯಾಚೆ, ಸರಳಿಗೆ ಕಟ್ಟಿದ್ದ ಚಿಕ್ಕ ಪ್ಯಾನೆಲ್‌ಗೆ ಹೋಗಿತ್ತು. ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ದೀಪ. ಧೂಳು ಕೂತು ಇಷ್ಟು ದಿನ ಸುಮ್ಮನಿದ್ದ ಪ್ಯಾನೆಲ್ಲನ್ನು ಹಿಂದಿನ ದಿನದ ಮಳೆ ತೊಳೆದಿತ್ತು.

ಆರಿಸಲು ಕೈ ಚಾಚಿದೆ. “ಬೇಡ ಕಣಮ್ಮ, ಇರ್ಲಿ. ಅವ್ನೇ ಹಚ್ಚಿರೋದು” ಎಂದರು ಗೌರಮ್ಮ.

ಮುಂದಿನ ವಾರ ನಾನೂ ಅಂಥದ್ದೇ ದೀಪ ತಂದು, ಬಿಸಿಲು ಬೀಳುವ ಕಿಟಕಿಗೆ ಪ್ಯಾನೆಲ್ ಕಟ್ಟಿದೆ. ಆಗಾಗ ಒರೆಸಿದರೆ ಸಾಕು, ಬೇರೆ ಕೆಲಸವಿಲ್ಲ. ಆದರೆ ಮುಸ್ಸಂಜೆ ಅದು ತಾನಾಗಿ ಹೊತ್ತಿಕೊಂಡಾಗ ಬೆನ್ನ ಹಿಂದೆ ಯಾರೋ ಬಂದು ನಿಂತಂತಾಗುತ್ತದೆ. ನಾನು ತಿರುಗಿ ನೋಡುವುದಿಲ್ಲ.